ಋತು ಮುಗಿದ ಮೇಲೆ ತಂಡ ಕಟ್ಟುವ ಪರಿ: ಡ್ರಾಫ್ಟ್, ಮುಕ್ತ ಆಟಗಾರರು ಮತ್ತು ಬೆಂಗಳೂರು ಎಫ್‌ಸಿ

ಫುಟ್‌ಬಾಲ್ ಋತುವಿನ ಕೊನೆಯ ಪಂದ್ಯ ಮುಗಿದೊಡನೆ ಅಭಿಮಾನಿಗಳು ಮನೆಯ ಹಾದಿ ಹಿಡಿಯುತ್ತಾರೆ. ಕ್ಲಬ್‌ನ ಕಚೇರಿಯಲ್ಲಿ ನಿಜವಾದ ಕೆಲಸ ಆರಂಭವಾಗುವುದು ಅಂದಿನಿಂದಲೇ. ಯಾವ ಆಟಗಾರನ ಕರಾರನ್ನು ಮುಂದುವರಿಸಬೇಕು, ಯಾರನ್ನು ಬೀಳ್ಕೊಡಬೇಕು, ತೆರವಾದ ಸ್ಥಾನಕ್ಕೆ ಯಾರನ್ನು ತರಬೇಕು, ಇದಕ್ಕೆಲ್ಲ ಹಣ ಎಲ್ಲಿಂದ ಹೊಂದಿಸಬೇಕು ಎಂಬ ಪ್ರಶ್ನೆಗಳಿಗೆ ಎರಡು ಮೂರು ತಿಂಗಳೊಳಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಮುಂದಿನ ಋತುವಿನ ಸೋಲು ಗೆಲುವುಗಳಲ್ಲಿ ದೊಡ್ಡ ಪಾಲು ಈ ಬಿಡುವಿನ ತಿಂಗಳುಗಳಲ್ಲೇ ನಿರ್ಧಾರವಾಗಿರುತ್ತದೆ.

ಜಗತ್ತಿನ ವೃತ್ತಿಪರ ಲೀಗ್‌ಗಳಲ್ಲಿ ಹೀಗೆ ತಂಡ ಕಟ್ಟಲು ಬಳಕೆಯಲ್ಲಿರುವ ಮುಖ್ಯ ಮಾರ್ಗಗಳಲ್ಲಿ ಎರಡು ವಿಶೇಷ ಗಮನ ಸೆಳೆಯುತ್ತವೆ. ಒಂದು, ಸರದಿಯ ಪ್ರಕಾರ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’. ಇನ್ನೊಂದು, ಕರಾರು ಮುಗಿದ ಆಟಗಾರನನ್ನು ವರ್ಗಾವಣೆ ಶುಲ್ಕವಿಲ್ಲದೆ ಸೇರಿಸಿಕೊಳ್ಳುವ ‘ಫ್ರೀ ಏಜೆನ್ಸಿ’, ಅಂದರೆ ಮುಕ್ತ ಆಟಗಾರರ ಪದ್ಧತಿ. ಈ ಎರಡನ್ನೂ ಬಳಸಿ, ಎರಡರಿಂದಲೂ ಲಾಭ ನಷ್ಟಗಳನ್ನು ಕಂಡ ಕ್ಲಬ್ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರು ಎಫ್‌ಸಿಯ ಅನುಭವವನ್ನು ಮುಂದಿಟ್ಟುಕೊಂಡು ಈ ವ್ಯವಸ್ಥೆಯ ಒಳಹೊರಗನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಡ್ರಾಫ್ಟ್ ಎಂದರೇನು?

ಡ್ರಾಫ್ಟ್ ಪದ್ಧತಿಯ ತವರು ಅಮೆರಿಕ. ಅಲ್ಲಿ ‘ಫುಟ್‌ಬಾಲ್’ ಎಂದು ಕರೆಯಲಾಗುವ ಆಟ ನಮ್ಮದಕ್ಕಿಂತ ಬೇರೆ; ಅದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಆ ಆಟದ ರಾಷ್ಟ್ರೀಯ ಲೀಗ್ ಆದ ಎನ್‌ಎಫ್‌ಎಲ್ 1936ರಲ್ಲಿ ಮೊದಲ ಡ್ರಾಫ್ಟ್ ನಡೆಸಿತು. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಈ ಸಲಹೆಯನ್ನು ಮುಂದಿಟ್ಟವರು. ಕಾಲೇಜಿನಿಂದ ಹೊರಬರುವ ಉತ್ತಮ ಆಟಗಾರರೆಲ್ಲ ಹಣವಂತ ತಂಡಗಳ ಪಾಲಾಗುತ್ತಿದ್ದರೆ ಬಡ ತಂಡಗಳು ಸೋಲುತ್ತಲೇ ಇರುತ್ತವೆ, ಕ್ರಮೇಣ ಲೀಗೇ ಕುಸಿಯುತ್ತದೆ ಎಂಬುದು ಅವರ ವಾದವಾಗಿತ್ತು.

ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದದ್ದು. ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನ ಪಡೆದ ತಂಡಕ್ಕೆ ಆಯ್ಕೆಯ ಮೊದಲ ಅವಕಾಶ, ಗೆದ್ದ ತಂಡಕ್ಕೆ ಕೊನೆಯ ಅವಕಾಶ. ಅಂದಹಾಗೆ, ಆ ಮೊದಲ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮುಂಚೆ ಆಯ್ಕೆಯಾದ ಜೇ ಬರ್ವಾಂಗರ್ ಎಂಬ ಆಟಗಾರ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ಹೆಸರು ಕೂಗಿದ ಮಾತ್ರಕ್ಕೆ ತಂಡ ಕಟ್ಟಿದಂತಾಗದು ಎಂಬುದಕ್ಕೆ ಮೊದಲ ದಿನವೇ ಸಾಕ್ಷಿ ಸಿಕ್ಕಿತ್ತು.

ಕ್ರಿಕೆಟ್ ಪ್ರಿಯರಿಗೆ ಐಪಿಎಲ್ ಹರಾಜು ಪರಿಚಿತ. ಡ್ರಾಫ್ಟ್ ಹರಾಜಲ್ಲ. ಹರಾಜಿನಲ್ಲಿ ಒಬ್ಬ ಆಟಗಾರನಿಗಾಗಿ ಹಲವು ತಂಡಗಳು ಬೆಲೆ ಏರಿಸುತ್ತ ಹೋಗುತ್ತವೆ. ಥೈಲಿಯಲ್ಲಿ ಹೆಚ್ಚು ಹಣ ಉಳಿದವರು ಗೆಲ್ಲುತ್ತಾರೆ. ಡ್ರಾಫ್ಟ್‌ನಲ್ಲಿ ಆಟಗಾರನ ಬೆಲೆ ಮುಂಚೆಯೇ ಗೊತ್ತಾಗಿರುತ್ತದೆ. ಸರದಿ ಯಾರದೋ ಅವರು ಹೆಸರು ಕೂಗಿದರೆ ಆಟಗಾರ ಅವರ ಪಾಲು. ಆದ್ದರಿಂದ ಹರಾಜಿನಲ್ಲಿ ಹಣದ ಲೆಕ್ಕ ಮುಖ್ಯವಾದರೆ, ಡ್ರಾಫ್ಟ್‌ನಲ್ಲಿ ಸರದಿಯ ಲೆಕ್ಕ ಮುಖ್ಯ. ತನಗೆ ಬೇಕಾದವನು ಮುಂದಿನ ಸುತ್ತಿನವರೆಗೆ ಉಳಿದಾನೆಯೇ, ಅಷ್ಟರಲ್ಲಿ ಬೇರೆಯವರು ಕೊಂಡೊಯ್ದರೆ ಎರಡನೆಯ ಆಯ್ಕೆ ಯಾರು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು ಕುಳಿತವನಿಗೆ ಮಾತ್ರ ಇಲ್ಲಿ ಲಾಭ.

ಭಾರತಕ್ಕೆ ಬಂದ ಡ್ರಾಫ್ಟ್

ನಾವು ಕಾಲಿನಿಂದ ಆಡುವ ಫುಟ್‌ಬಾಲ್‌ನಲ್ಲಿ, ಅಮೆರಿಕದ ಲೀಗ್‌ನಂತಹ ಕೆಲವನ್ನು ಬಿಟ್ಟರೆ, ಡ್ರಾಫ್ಟ್ ಅಪರೂಪ. ಭಾರತದಲ್ಲಿ ಅದು ಕಾಣಿಸಿಕೊಂಡಿದ್ದು 2014ರಲ್ಲಿ, ಎಂಟು ತಂಡಗಳೊಂದಿಗೆ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ. ಎಲ್ಲ ತಂಡಗಳೂ ಹೊಸವು, ಯಾರ ಬಳಿಯೂ ಆಟಗಾರರಿಲ್ಲ, ಅದೇ ವೇಳೆ ಐ-ಲೀಗ್ ಕೂಡ ಪ್ರತ್ಯೇಕವಾಗಿ ನಡೆಯುತ್ತಿತ್ತು. ಇಂತಹ ಸನ್ನಿವೇಶದಲ್ಲಿ ದೇಶೀಯ ಆಟಗಾರರನ್ನು ಸಮನಾಗಿ ಹಂಚಲು ಡ್ರಾಫ್ಟ್ ಅನುಕೂಲಕರ ಸಾಧನವಾಯಿತು.

2015ರಲ್ಲಿ ಡ್ರಾಫ್ಟ್ ಜತೆಗೆ ಹತ್ತು ಪ್ರಮುಖ ಭಾರತೀಯ ಆಟಗಾರರ ಹರಾಜನ್ನೂ ನಡೆಸಲಾಯಿತು. ಅದರಲ್ಲಿ ಸುನಿಲ್ ಛೆಟ್ರಿ 1.20 ಕೋಟಿ ರೂ.ಗೆ ಮುಂಬೈ ಸಿಟಿ ತಂಡಕ್ಕೂ, ಯೂಜಿನ್‌ಸನ್ ಲಿಂಗ್ಡೊ 1.05 ಕೋಟಿ ರೂ.ಗೆ ಪುಣೆ ಸಿಟಿ ತಂಡಕ್ಕೂ ಹೋದರು. ಇಬ್ಬರೂ ಆಗ ಐ-ಲೀಗ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರು. ವರ್ಷದ ಕೆಲವು ತಿಂಗಳು ಒಂದು ಅಂಗಿ, ಉಳಿದ ತಿಂಗಳು ಇನ್ನೊಂದು ಅಂಗಿ ಎಂಬ ವಿಚಿತ್ರ ಸ್ಥಿತಿ ಆ ದಿನಗಳಲ್ಲಿತ್ತು.

2017ರ ಬೇಸಿಗೆ: ಚಾಂಪಿಯನ್ ತಂಡ ಚದುರಿದ ಬಗೆ

ಜೆಎಸ್‌ಡಬ್ಲ್ಯು ಸಮೂಹವು 2013ರಲ್ಲಿ ಸ್ಥಾಪಿಸಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ, ಅಂದರೆ 2013-14ರಲ್ಲಿ, ಐ-ಲೀಗ್ ಗೆದ್ದು ಅಚ್ಚರಿ ಮೂಡಿಸಿತ್ತು. 2015-16ರಲ್ಲಿ ಮತ್ತೊಮ್ಮೆ ಪ್ರಶಸ್ತಿ ಬಂತು. 2016ರ ನವೆಂಬರ್‌ನಲ್ಲಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಆ ಹಂತಕ್ಕೇರಿದ ಮೊದಲ ಭಾರತೀಯ ಕ್ಲಬ್ ಎಂಬ ಹಿರಿಮೆ ಅದರದಾಯಿತು. ದೋಹಾದಲ್ಲಿ ನಡೆದ ಆ ಪಂದ್ಯದಲ್ಲಿ ಇರಾಕ್‌ನ ವಾಯುಪಡೆ ತಂಡ 1-0ಯಿಂದ ಗೆದ್ದಿತು. 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗನ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 2-0 ಜಯ ದೊರೆಯಿತು. ಎರಡೂ ಗೋಲುಗಳನ್ನು ಹೊಡೆದವರು ಸಿ.ಕೆ. ವಿನೀತ್.

ಅದಾದ ಕೆಲವೇ ವಾರಗಳಲ್ಲಿ ಕ್ಲಬ್ ಐ-ಲೀಗ್ ಬಿಟ್ಟು ಐಎಸ್‌ಎಲ್‌ಗೆ ಸೇರ್ಪಡೆಯಾಯಿತು. ಜಮ್‌ಶೆಡ್‌ಪುರ ಎಂಬ ಮತ್ತೊಂದು ಹೊಸ ತಂಡವೂ ಬಂದು ತಂಡಗಳ ಸಂಖ್ಯೆ ಹತ್ತಕ್ಕೇರಿತು. ಹೊಸ ನಿಯಮದ ಪ್ರಕಾರ ಒಂದು ಕ್ಲಬ್ ಇಬ್ಬರು ಹಿರಿಯ ಭಾರತೀಯ ಆಟಗಾರರನ್ನೂ, ಜತೆಗೆ 21 ವರ್ಷದೊಳಗಿನ ಕೆಲವರನ್ನೂ ಮಾತ್ರ ಉಳಿಸಿಕೊಳ್ಳಬಹುದಿತ್ತು. ಉಳಿದ ದೇಶೀಯ ಆಟಗಾರರೆಲ್ಲ ಜುಲೈ 23ರಂದು ಮುಂಬೈಯಲ್ಲಿ ನಡೆಯಲಿದ್ದ ಡ್ರಾಫ್ಟ್‌ನ ಪಟ್ಟಿಗೆ ಸೇರಿದರು.

ನಾಲ್ಕು ವರ್ಷ ಜತೆಯಾಗಿ ಬೆಳೆಸಿದ ತಂಡದಲ್ಲಿ ಇಬ್ಬರನ್ನು ಮಾತ್ರ ಇಟ್ಟುಕೊಳ್ಳಬೇಕೆಂದರೆ ಯಾರನ್ನು? ಬೆಂಗಳೂರು ಆರಿಸಿಕೊಂಡಿದ್ದು ನಾಯಕ ಸುನಿಲ್ ಛೆಟ್ರಿ ಮತ್ತು ಬಲ ಪಾರ್ಶ್ವದ ವೇಗದ ಓಟಗಾರ ಉದಾಂತ ಸಿಂಗ್ ಅವರನ್ನು. ಕಿರಿಯರ ಪೈಕಿ ನಿಶು ಕುಮಾರ್ ಮತ್ತು ಮಾಲ್ಸಾಮ್‌ಜುವಾಲ ಉಳಿದರು. ಫೆಡರೇಷನ್ ಕಪ್ ಗೆದ್ದುಕೊಟ್ಟ ವಿನೀತ್ ಅವರನ್ನು ಕೇರಳ ಬ್ಲಾಸ್ಟರ್ಸ್ ತನ್ನ ಹಳೆಯ ಹಕ್ಕಿನ ಮೇರೆಗೆ ಉಳಿಸಿಕೊಂಡಿತು. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಮುಂಬೈ ಪಾಲಾದರು. ಮಿಡ್‌ಫೀಲ್ಡ್‌ನ ಜೀವಾಳವಾಗಿದ್ದ ಲಿಂಗ್ಡೊ ಅವರನ್ನು ಡ್ರಾಫ್ಟ್‌ನಲ್ಲಿ ಕೋಲ್ಕತ್ತದ ಎಟಿಕೆ 1.10 ಕೋಟಿ ರೂ.ಗೆ ಒಯ್ದಿತು. ರಕ್ಷಣಾ ವಿಭಾಗದ ರಿನೊ ಆ್ಯಂಟೊ ಕೇರಳಕ್ಕೆ ಹೋದರು. ಪ್ರಶಸ್ತಿ ಗೆದ್ದ ತಂಡ ಎರಡೇ ತಿಂಗಳಲ್ಲಿ ನಾಲ್ಕು ದಿಕ್ಕಿಗೆ ಚದುರಿತ್ತು.

ಇಷ್ಟು ಸಾಲದೆಂಬಂತೆ ಎಎಫ್‌ಸಿ ಕಪ್‌ನ ಪಂದ್ಯಗಳು ಆಗಸ್ಟ್‌ನಲ್ಲೇ ಎದುರಿಗಿದ್ದವು. ಬೇರೆ ತಂಡಗಳಿಗೆ ನವೆಂಬರ್‌ವರೆಗೆ ಸಮಯವಿತ್ತು. ಬೆಂಗಳೂರಿಗೆ ಒಂದೇ ತಿಂಗಳು.

ಹೆಸರಿಗಿಂತ ಸ್ಥಾನ ಮುಖ್ಯ

ಆ ದಿನ ಮುಂಬೈಯಲ್ಲಿ ಮೊದಲ ಸರದಿ ಪಡೆದ ಜಮ್‌ಶೆಡ್‌ಪುರ ಕೂಗಿದ ಹೆಸರು ಅನಸ್ ಎಡತೊಡಿಕ. ಬೆಲೆ ಲಿಂಗ್ಡೊ ಅವರಷ್ಟೇ, 1.10 ಕೋಟಿ ರೂ. ಬೆಂಗಳೂರು ಆರಿಸಿಕೊಂಡವರ ಪಟ್ಟಿ ಅಷ್ಟೊಂದು ಸದ್ದು ಮಾಡಲಿಲ್ಲ. ರಾಹುಲ್ ಭೆಕೆ, ಲೆನ್ನಿ ರಾಡ್ರಿಗಸ್, ಹರ್ಮನ್‌ಜೋತ್ ಖಾಬ್ರಾ, ಸುಭಾಶಿಷ್ ಬೋಸ್, ಗೋಲ್‌ಕೀಪರ್ ಲಾಲ್‌ಥುವಮ್ಮಾವಿಯ ರಾಲ್ಟೆ, ಬೋಯಿತಾಂಗ್ ಹಾವೊಕಿಪ್ ಮುಂತಾದವರು ಅದರಲ್ಲಿದ್ದರು.

ಈ ಪಟ್ಟಿಯನ್ನು ಗಮನಿಸಿದರೆ ಒಂದು ಅಂಶ ಎದ್ದು ಕಾಣುತ್ತದೆ. ಖಾಬ್ರಾ ರಕ್ಷಣೆಯಲ್ಲೂ ಮಿಡ್‌ಫೀಲ್ಡ್‌ನಲ್ಲೂ ಆಡಬಲ್ಲವರು. ಭೆಕೆ ಬಲಬದಿಯಲ್ಲೂ ನಡುವಿನಲ್ಲೂ ನಿಲ್ಲಬಲ್ಲವರು. ಬೋಸ್ ಎಡಬದಿಯನ್ನು ತುಂಬುವವರು. ಎರಡು ಸ್ಥಾನಗಳನ್ನು ನಿಭಾಯಿಸುವ ಒಬ್ಬನಿದ್ದರೆ ಮೀಸಲು ಆಟಗಾರನೊಬ್ಬನ ಸಂಬಳ ಉಳಿಯುತ್ತದೆ. ಗಾಯದ ಸಮಸ್ಯೆ ಬಂದಾಗ ತಂಡ ಕಂಗೆಡುವುದಿಲ್ಲ. ಡ್ರಾಫ್ಟ್‌ನ ನಿಜವಾದ ಉಪಯೋಗ ತಾರೆಯರನ್ನು ಹಿಡಿಯುವುದರಲ್ಲಿಲ್ಲ. ತಂಡಕ್ಕೆ ಆಳ, ಅಗಲ ಕೊಡುವ ಹತ್ತು ಹನ್ನೆರಡು ಮಂದಿಯನ್ನು ನಿಗದಿತ ಬೆಲೆಗೆ ಪಡೆಯುವುದರಲ್ಲಿದೆ.

ಡ್ರಾಫ್ಟ್‌ನಿಂದ ತುಂಬದ ಕಂಡಿಗಳಿಗೆ ಕ್ಲಬ್ ಹೊರಗಿನಿಂದ ಆಟಗಾರರನ್ನು ತಂದಿತು. ಅಮರಿಂದರ್ ಬಿಟ್ಟುಹೋದ ಗೋಲು ಕಂಬಗಳ ನಡುವಿನ ಸ್ಥಾನಕ್ಕೆ ನಾರ್ವೆಯ ಸ್ಟಾಬೆಕ್ ಕ್ಲಬ್‌ನಲ್ಲಿದ್ದ ಗುರುಪ್ರೀತ್ ಸಿಂಗ್ ಸಂಧು ಬಂದರು. ವೆನೆಜುವೆಲಾದ ಮಿಕು, ಸ್ಪೇನ್‌ನ ಡಿಮಾಸ್ ಡೆಲ್ಗಾಡೊ, ಆಸ್ಟ್ರೇಲಿಯಾದ ಎರಿಕ್ ಪಾರ್ಟಲು ವಿದೇಶಿ ಆಟಗಾರರ ಪಟ್ಟಿ ಸೇರಿದರು.

ಫಲ ಬೇಗನೆ ಕಾಣಿಸಿತು. 2017-18ರ ಲೀಗ್ ಹಂತದಲ್ಲಿ ಬೆಂಗಳೂರು 18 ಪಂದ್ಯಗಳಿಂದ 40 ಅಂಕ ಗಳಿಸಿ, ಎರಡನೆಯ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದಿತ್ತು. ಮಿಕು 15, ಛೆಟ್ರಿ 14 ಗೋಲು ಹೊಡೆದರು. ಆದರೆ 2018ರ ಮಾರ್ಚ್ 17ರಂದು ತವರಿನ ಕಂಠೀರವ ಕ್ರೀಡಾಂಗಣದಲ್ಲೇ ನಡೆದ ಫೈನಲ್‌ನಲ್ಲಿ ಅದೇ ಚೆನ್ನೈಯಿನ್ 3-2ರಿಂದ ಗೆದ್ದು ಕಪ್ ಒಯ್ದಿತು. ಆ ನೋವನ್ನು ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ಗೆದ್ದ ಸೂಪರ್ ಕಪ್ ಸ್ವಲ್ಪ ಮಟ್ಟಿಗೆ ಮರೆಸಿತು.

ಸರಿಯಾಗಿ ಒಂದು ವರ್ಷದ ಬಳಿಕ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಎಫ್‌ಸಿ ಗೋವಾ ಎದುರಿನ ಫೈನಲ್ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಸಾಗಿತು. 117ನೇ ನಿಮಿಷದಲ್ಲಿ ಡೆಲ್ಗಾಡೊ ಕಾರ್ನರ್‌ನಿಂದ ಹಾರಿಸಿದ ಚೆಂಡನ್ನು ತಲೆಯಿಂದ ಗೋಲಿಗಟ್ಟಿದವರು ರಾಹುಲ್ ಭೆಕೆ. ಬೆಂಗಳೂರು ಎಫ್‌ಸಿಗೆ ಐಎಸ್‌ಎಲ್ ಕಪ್ ತಂದುಕೊಟ್ಟ ಆ ಏಕೈಕ ಗೋಲು, ಡ್ರಾಫ್ಟ್‌ನಲ್ಲಿ ಸದ್ದಿಲ್ಲದೆ ಆಯ್ಕೆಯಾದ ರಕ್ಷಣಾ ಆಟಗಾರನದು. ಚೆಂಡು ಕಳುಹಿಸಿದವರು ಡ್ರಾಫ್ಟ್‌ನ ಹೊರಗಿನಿಂದ ಬಂದವರು.

ಮುಕ್ತ ಆಟಗಾರ: ಬಾಸ್ಮನ್ ಕೊಟ್ಟ ಸ್ವಾತಂತ್ರ್ಯ

2017ರದೇ ಐಎಸ್‌ಎಲ್‌ನ ಕೊನೆಯ ಡ್ರಾಫ್ಟ್ ಆಯಿತು. 2018-19ರಿಂದ ಕ್ಲಬ್‌ಗಳು ಆಟಗಾರರೊಂದಿಗೆ ನೇರವಾಗಿ ಕರಾರು ಮಾಡಿಕೊಳ್ಳತೊಡಗಿದವು. ಹೀಗಾಗಿ ಎರಡನೆಯ ಮಾರ್ಗಕ್ಕೆ ಮಹತ್ವ ಬಂತು.

ಕರಾರು ಮುಗಿದ ಆಟಗಾರ ತನ್ನ ಇಷ್ಟದ ಕ್ಲಬ್ ಸೇರಬಹುದು ಎಂಬುದು ಇಂದು ಸಹಜವೆನಿಸುತ್ತದೆ. ಆದರೆ ಮೂರು ದಶಕಗಳ ಹಿಂದೆ ಯುರೋಪಿನಲ್ಲೂ ಅದು ಸಾಧ್ಯವಿರಲಿಲ್ಲ. ಬೆಲ್ಜಿಯಂನ ಆರ್‌ಎಫ್‌ಸಿ ಲಿಯೇಜ್ ಕ್ಲಬ್‌ನ ಆಟಗಾರ ಜೀನ್ ಮಾರ್ಕ್ ಬಾಸ್ಮನ್ ತಮ್ಮ ಕರಾರು ಮುಗಿದ ಮೇಲೆ ಫ್ರಾನ್ಸ್‌ನ ಡನ್‌ಕರ್ಕ್ ಕ್ಲಬ್ ಸೇರಬಯಸಿದಾಗ, ವರ್ಗಾವಣೆ ಶುಲ್ಕದ ವಿಚಾರದಲ್ಲಿ ತಡೆ ಎದುರಾಯಿತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಅವರ ಪರ ತೀರ್ಪು ನೀಡಿತು. ಕರಾರು ಮುಗಿದ ಬಳಿಕ ಶುಲ್ಕ ಕೇಳುವಂತಿಲ್ಲ ಎಂಬ ತತ್ವ ಅಲ್ಲಿಂದ ಜಗತ್ತಿಗೆ ಹರಡಿತು.

ಫಿಫಾ ನಿಯಮದ ಪ್ರಕಾರ, ಕರಾರಿನ ಕೊನೆಯ ಆರು ತಿಂಗಳಲ್ಲಿ ಆಟಗಾರ ಮತ್ತೊಂದು ಕ್ಲಬ್ ಜತೆ ಮುಂಗಡ ಕರಾರು ಮಾಡಿಕೊಳ್ಳಬಹುದು. ಆದ್ದರಿಂದ ಮೇ 31ಕ್ಕೆ ಕರಾರು ಮುಗಿಯುವ ಆಟಗಾರನ ಬಗ್ಗೆ ಕ್ಲಬ್ ಮೇ ತಿಂಗಳಲ್ಲಿ ಯೋಚಿಸಿದರೆ ತಡವಾದಂತೆ. ಡಿಸೆಂಬರ್ ಆರಂಭದಲ್ಲೇ ಅವನ ಬಾಗಿಲು ಇತರರಿಗೆ ತೆರೆದಿರುತ್ತದೆ. ಯಾವ ಆಟಗಾರನ ಕರಾರು ಎಂದು ಮುಗಿಯುತ್ತದೆ ಎಂಬ ಪಟ್ಟಿ ಕ್ಲಬ್ ವ್ಯವಸ್ಥಾಪಕನ ಮೇಜಿನ ಮೇಲೆ ಸದಾ ಇರಬೇಕಾದ ಕಾಗದ. ಒಂದೇ ವರ್ಷ ಆರೇಳು ಪ್ರಮುಖರ ಕರಾರು ಒಟ್ಟಿಗೆ ಮುಗಿಯದಂತೆ ನೋಡಿಕೊಳ್ಳುವುದು ಇಲ್ಲಿನ ಮೊದಲ ಪಾಠ.

‘ಮುಕ್ತ’ ಎಂದರೆ ‘ಉಚಿತ’ ಎಂದರ್ಥವಲ್ಲ ಎಂಬುದನ್ನೂ ಓದುಗರು ಗಮನಿಸಬೇಕು. ವರ್ಗಾವಣೆ ಶುಲ್ಕ ಉಳಿಯುವುದರಿಂದ ಅಂತಹ ಆಟಗಾರ ಹೆಚ್ಚಿನ ಸಂಬಳ ಕೇಳುತ್ತಾನೆ, ಸಹಿಗೆ ಪ್ರತ್ಯೇಕ ಹಣ ಕೇಳುತ್ತಾನೆ, ಏಜೆಂಟನ ದಲ್ಲಾಳಿಯೂ ಸೇರುತ್ತದೆ.

2022ರ ಪಾಠ, 2024ರ ಪಾಠ

2022ರ ಬೇಸಿಗೆಯಲ್ಲಿ ಬೆಂಗಳೂರು ಎಫ್‌ಸಿ ದೊಡ್ಡ ಹೆಸರುಗಳತ್ತ ಹೊರಳಿತು. ಎಟಿಕೆ ಮೋಹನ್ ಬಾಗನ್ ತೊರೆದಿದ್ದ ಫಿಜಿಯ ರಾಯ್ ಕೃಷ್ಣ, ರಕ್ಷಣಾ ಆಟಗಾರ ಸಂದೇಶ್ ಝಿಂಗನ್, ಪ್ರಬೀರ್ ದಾಸ್, ಹಾಗೂ ಸ್ಪೇನ್‌ನ ಜಾವಿ ಹೆರ್ನಾಂಡಿಸ್ ತಂಡಕ್ಕೆ ಬಂದರು. ಆ ಸೆಪ್ಟೆಂಬರ್‌ನಲ್ಲೇ ಡ್ಯುರಾಂಡ್ ಕಪ್ ಗೆದ್ದಿದ್ದಾಯಿತು. ಐಎಸ್‌ಎಲ್‌ನಲ್ಲಿ ಆರಂಭದಲ್ಲಿ ಮುಗ್ಗರಿಸಿದರೂ ಕೊನೆಯ ಎಂಟು ಲೀಗ್ ಪಂದ್ಯಗಳನ್ನು ಸತತವಾಗಿ ಗೆದ್ದು ಫೈನಲ್ ತಲುಪಿತು. 2023ರ ಮಾರ್ಚ್ 18ರಂದು ಗೋವಾದಲ್ಲಿ ಎಟಿಕೆ ಮೋಹನ್ ಬಾಗನ್ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು.

ಮುಂದೇನಾಯಿತು? ಒಂದೇ ವರ್ಷದಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ, ಝಿಂಗನ್ ಗೋವಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ ಹೊರಟರು. 2017ರಲ್ಲಿ ಉಳಿಸಿಕೊಂಡಿದ್ದ ಉದಾಂತ ಕೂಡ ಗೋವಾ ಸೇರಿದರು. 2023-24ರಲ್ಲಿ ತಂಡ 12 ತಂಡಗಳ ಪೈಕಿ ಹತ್ತನೆಯ ಸ್ಥಾನಕ್ಕೆ ಕುಸಿಯಿತು. ಋತುವಿನ ನಡುವೆ ತರಬೇತುದಾರ ಸೈಮನ್ ಗ್ರೇಸನ್ ಅವರನ್ನು ಬದಲಿಸಿ ಜೆರಾರ್ಡ್ ಜರಗೋಜಾ ಅವರಿಗೆ ಹೊಣೆ ವಹಿಸಲಾಯಿತು. ಒಟ್ಟಿಗೆ ಬಂದವರು ಒಟ್ಟಿಗೆ ಹೋದರೆ ಉಳಿಯುವುದು ಖಾಲಿ ಜಾಗ ಮಾತ್ರ.

2024ರಲ್ಲಿ ಮತ್ತೆ ಹೊರಗಿನವರನ್ನೇ ತರಲಾಯಿತು. ಆದರೆ ಈ ಬಾರಿಯ ಆಯ್ಕೆಯಲ್ಲಿ ವ್ಯತ್ಯಾಸವಿತ್ತು. ಮುಂಬೈ ಸಿಟಿಯಿಂದ ಬಂದ ಆಲ್ಬರ್ಟೊ ನೊಗೆರಾ ಮತ್ತು ಜಾರ್ಜ್ ಪೆರೇರಾ ಡಯಾಸ್ ಭಾರತದ ಹವೆ, ಮೈದಾನ, ಎದುರಾಳಿಗಳನ್ನು ಬಲ್ಲವರು. ಎಡ್ಗರ್ ಮೆಂಡೆಜ್ ಮತ್ತು ಪೆದ್ರೊ ಕಾಪೊ ಹೊಸಬರು. ಇವರೆಲ್ಲರ ಜತೆ ಹಳೆಯ ಮುಖವೊಂದೂ ಮರಳಿತು. 2021ರಲ್ಲಿ ಬೆಂಗಳೂರು ತೊರೆದು, ಮುಂಬೈ ಸಿಟಿಯ ನಾಯಕನಾಗಿ 2024ರ ಮೇನಲ್ಲಿ ಐಎಸ್‌ಎಲ್ ಕಪ್ ಎತ್ತಿಹಿಡಿದಿದ್ದ ರಾಹುಲ್ ಭೆಕೆ ಅವರೇ ಆ ಆಟಗಾರ. ಏಳು ವರ್ಷಗಳ ಹಿಂದೆ ಡ್ರಾಫ್ಟ್ ಕೊಟ್ಟವನನ್ನು ಮುಕ್ತ ಮಾರುಕಟ್ಟೆ ಹಿಂದಿರುಗಿಸಿತ್ತು. 2024-25ರಲ್ಲಿ ತಂಡ ಮೂರನೆಯ ಸ್ಥಾನ ಪಡೆದು ಫೈನಲ್‌ಗೇರಿತು. ನಲವತ್ತು ವಯಸ್ಸಿನ ಛೆಟ್ರಿ 14 ಗೋಲು ಹೊಡೆದರು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗನ್ ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಗೆದ್ದಿತು.

ನಿಯಮಗಳು ಹಾಕುವ ಚೌಕಟ್ಟು

ಹಣವಿದ್ದ ಮಾತ್ರಕ್ಕೆ ಬೇಕಾದವರನ್ನೆಲ್ಲ ತರುವಂತಿಲ್ಲ. ವಿದೇಶಿ ಆಟಗಾರರ ಮಿತಿ ಅದರಲ್ಲಿ ಮುಖ್ಯವಾದುದು. 2017-18ರಲ್ಲಿ ಒಂದು ತಂಡ ಗರಿಷ್ಠ ಎಂಟು ವಿದೇಶಿಯರನ್ನು ಹೊಂದಬಹುದಿತ್ತು, ಮೈದಾನದಲ್ಲಿ ಐವರು ಆಡಬಹುದಿತ್ತು. 2021-22ರಿಂದ ಈ ಸಂಖ್ಯೆ ಕ್ರಮವಾಗಿ ಆರು ಮತ್ತು ನಾಲ್ಕಕ್ಕಿಳಿಯಿತು. ಅಂದರೆ ಹನ್ನೊಂದರಲ್ಲಿ ಏಳು ಮಂದಿ ಭಾರತೀಯರೇ ಆಗಿರಬೇಕು.

ಈ ಬದಲಾವಣೆಯ ಪರಿಣಾಮ ಮಾರುಕಟ್ಟೆಯ ಮೇಲೆ ನೇರವಾಗಿ ಬಿತ್ತು. ಉತ್ತಮ ಭಾರತೀಯ ಸೆಂಟರ್‌ಬ್ಯಾಕ್, ಸೈಡ್‌ಬ್ಯಾಕ್, ಗೋಲ್‌ಕೀಪರ್‌ಗಳಿಗೆ ಬೇಡಿಕೆ ಏರಿತು. ವಿದೇಶಿಯರನ್ನು ಸಾಮಾನ್ಯವಾಗಿ ತಂಡದ ಬೆನ್ನೆಲುಬಿನ ಸ್ಥಾನಗಳಲ್ಲಿ, ಅಂದರೆ ರಕ್ಷಣೆಯ ನಡು, ಮಿಡ್‌ಫೀಲ್ಡ್‌ನ ನಡು ಹಾಗೂ ದಾಳಿಯ ತುದಿಯಲ್ಲಿ ನಿಲ್ಲಿಸುವ ರೂಢಿಯಿದೆ. ಇದರಿಂದ ಭಾರತೀಯ ಸ್ಟ್ರೈಕರ್‌ಗಳಿಗೆ ಆಡುವ ಅವಕಾಶ ಕಡಿಮೆ. ಛೆಟ್ರಿ ನಂತರ ಯಾರು ಎಂಬ ರಾಷ್ಟ್ರೀಯ ತಂಡದ ಚಿಂತೆಗೆ ಕ್ಲಬ್‌ಗಳ ಈ ಲೆಕ್ಕಾಚಾರವೂ ಒಂದು ಕಾರಣ.

ಸಂಬಳದ ಒಟ್ಟು ಮೊತ್ತಕ್ಕೆ ಮಿತಿ ಹಾಕುವುದು ಮತ್ತೊಂದು ಕ್ರಮ. ಎನ್‌ಎಫ್‌ಎಲ್‌ನಲ್ಲಿ 1993ರಲ್ಲಿ ಆಟಗಾರರಿಗೆ ಮುಕ್ತ ಚಲನೆಯ ಹಕ್ಕು ದೊರೆತಾಗ, ಅದರ ಬೆನ್ನಿಗೇ 1994ರಲ್ಲಿ ವೇತನ ಮಿತಿಯೂ ಜಾರಿಗೆ ಬಂತು. ಐಎಸ್‌ಎಲ್ ಕೂಡ ವೇತನ ಮಿತಿಯನ್ನು ಅಳವಡಿಸಿಕೊಂಡಿತು. ಒಬ್ಬ ತಾರೆಗೆ ಹೆಚ್ಚು ಕೊಟ್ಟರೆ ಹದಿನೈದನೆಯ, ಹದಿನಾರನೆಯ ಆಟಗಾರನಿಗೆ ಕೊಡಲು ಉಳಿಯುವುದು ಕಡಿಮೆ. ಗಾಯ, ಅಮಾನತುಗಳ ನಡುವೆ ಋತುವಿನ ಉತ್ತರಾರ್ಧದಲ್ಲಿ ಪಂದ್ಯ ಗೆಲ್ಲಿಸಿಕೊಡುವವರು ಹಲವು ವೇಳೆ ಈ ಹದಿನೈದನೆಯ, ಹದಿನಾರನೆಯವರೇ.

ಮೂರನೆಯ ದಾರಿ: ಸ್ವಂತ ಬೆಳೆ

ಡ್ರಾಫ್ಟ್ ನಿಂತುಹೋದ ಬಳಿಕ ಕಿರಿಯ ಆಟಗಾರರನ್ನು ಕಡಿಮೆ ವೆಚ್ಚದಲ್ಲಿ ಪಡೆಯಲು ಕ್ಲಬ್‌ಗೆ ಉಳಿದ ದಾರಿ ಸ್ವಂತ ಅಕಾಡೆಮಿ. ಬೆಂಗಳೂರು ಎಫ್‌ಸಿ ಬಳ್ಳಾರಿ ಸೀಮೆಯ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆವರಣದಲ್ಲಿ ವಸತಿ ಅಕಾಡೆಮಿ ನಡೆಸಿತು. ಕಿರಿಯರನ್ನು ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್‌ನಲ್ಲಿ ಆಡಿಸಿತು. 2022ರಲ್ಲಿ ಆರಂಭವಾದ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಪ್ರಶಸ್ತಿ ಇದೇ ಕಿರಿಯರ ತಂಡಕ್ಕೆ ಸಂದಿತು.

ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ 2021-22ರಲ್ಲಿ ಮಣಿಪುರದ ರೋಷನ್ ಸಿಂಗ್ ಅವರಿಗೂ, 2022-23ರಲ್ಲಿ ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಅವರಿಗೂ ಬಂದಿತು. ಇಬ್ಬರೂ ಬೆಂಗಳೂರಿನ ಕಿರಿಯರ ತಂಡದಲ್ಲಿ ಬೆಳೆದವರು. 2022ರ ಡ್ಯುರಾಂಡ್ ಫೈನಲ್‌ನಲ್ಲಿ ಮುಂಬೈ ವಿರುದ್ಧ ಮೊದಲ ಗೋಲು ಹೊಡೆದವರೂ ಶಿವಶಕ್ತಿಯೇ. ದೊಡ್ಡ ಹೆಸರುಗಳು ಹೊರಟುಹೋದ ಮೇಲೂ ಇವರು ಉಳಿದರು ಎಂಬುದನ್ನು ಮರೆಯುವಂತಿಲ್ಲ.

ಹಾಗಾದರೆ ಕರ್ನಾಟಕದ ಹುಡುಗರೆಲ್ಲಿ ಎಂಬ ಪ್ರಶ್ನೆ ಏಳುವುದು ಸಹಜ. ರಾಜ್ಯಕ್ಕೆ ಈ ಆಟ ಹೊಸದೇನಲ್ಲ. ಹಿಂದಿನ ಮೈಸೂರು ರಾಜ್ಯ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆ ಬಳಿಕ 54 ವರ್ಷ ಕಾಯ್ದು, 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ಮತ್ತೆ ಟ್ರೋಫಿ ತಂದಿತು.

ಆದರೆ ವ್ಯವಸ್ಥಿತ ಲೀಗ್ ಫುಟ್‌ಬಾಲ್ ಬಹುತೇಕ ರಾಜಧಾನಿಯ ಸುತ್ತಲೇ ಇದೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಬಂಡೀಪುರದ ಕಾಡಂಚಿಗಿರುವ ಎನ್. ಬೇಗೂರಿನ ಹುಡುಗನೊಬ್ಬ ಎಷ್ಟೇ ಚೆನ್ನಾಗಿ ಆಡಿದರೂ, ನೋಂದಾಯಿತ ಕ್ಲಬ್‌ನ ಪರವಾಗಿ ವಯೋಮಿತಿಯ ಲೀಗ್‌ನಲ್ಲಿ ಕಾಣಿಸಿಕೊಳ್ಳುವ ತನಕ ಯಾವ ಕ್ಲಬ್‌ನ ಪಟ್ಟಿಯಲ್ಲೂ ಅವನ ಹೆಸರು ಬರುವುದಿಲ್ಲ. ಡ್ರಾಫ್ಟ್ ಇರಲಿ, ಮುಕ್ತ ಮಾರುಕಟ್ಟೆ ಇರಲಿ, ಎರಡೂ ಈಗಾಗಲೇ ಪಟ್ಟಿಯಲ್ಲಿರುವವರನ್ನು ಹಂಚುವ ವಿಧಾನಗಳೇ ಹೊರತು ಹೊಸಬರನ್ನು ಹುಡುಕುವ ವಿಧಾನಗಳಲ್ಲ.

ಹಣದ ಹರಿವಿನಲ್ಲೂ ಇದೇ ತೊಡಕು ಕಾಣುತ್ತದೆ. ಅಂತರರಾಷ್ಟ್ರೀಯ ವರ್ಗಾವಣೆಗಳಲ್ಲಿ ಶುಲ್ಕದ ಶೇ. 5ರಷ್ಟನ್ನು, ಆಟಗಾರನನ್ನು 12ರಿಂದ 23ನೇ ವಯಸ್ಸಿನವರೆಗೆ ತರಬೇತುಗೊಳಿಸಿದ ಕ್ಲಬ್‌ಗಳಿಗೆ ಹಂಚಬೇಕೆಂದು ಫಿಫಾ ಹೇಳುತ್ತದೆ. ಆದರೆ ಕರಾರು ಮುಗಿಸಿ ಹೋಗುವವನಿಗೆ ಶುಲ್ಕವೇ ಇಲ್ಲವಾದ್ದರಿಂದ ಹಂಚಲು ಏನೂ ಇರುವುದಿಲ್ಲ. ಕಿರಿಯ ವಯಸ್ಸಿನ ಆಟಗಾರರ ವಿಷಯದಲ್ಲಿ ‘ತರಬೇತಿ ಪರಿಹಾರ’ ಎಂಬ ಪ್ರತ್ಯೇಕ ನಿಯಮವಿದೆ; ಆಟಗಾರ 23 ದಾಟಿದ ಮೇಲೆ ಅದೂ ಇಲ್ಲ. ಬಾಸ್ಮನ್ ತೀರ್ಪು ಆಟಗಾರನಿಗೆ ಕೊಟ್ಟ ಸ್ವಾತಂತ್ರ್ಯದ ಬೆಲೆಯಲ್ಲಿ ಒಂದು ಪಾಲನ್ನು ಸಣ್ಣ ಊರುಗಳ ಸಣ್ಣ ಕ್ಲಬ್‌ಗಳು ತೆರುತ್ತವೆ.

ಆಟಗಾರನ ಕಡೆಯಿಂದ ನೋಡಿದರೆ

ಇದುವರೆಗೆ ಹೇಳಿದ್ದೆಲ್ಲ ಕ್ಲಬ್‌ನ ದೃಷ್ಟಿಯಿಂದ. ಆಟಗಾರನಿಗೆ ಇದು ಹೊಟ್ಟೆಪಾಡಿನ ವಿಚಾರ. ಡ್ರಾಫ್ಟ್‌ನಲ್ಲಿ ಅವನಿಗೆ ಸಂಬಳ ಖಚಿತ, ಊರು ಖಚಿತವಲ್ಲ. ಯಾವ ನಗರದಲ್ಲಿ ಸಂಸಾರ ಹೂಡಬೇಕೆಂಬುದನ್ನು ಬೇರೆಯವರ ಸರದಿ ತೀರ್ಮಾನಿಸುತ್ತದೆ. ಹೆಸರು ಕೂಗದೆ ಉಳಿದವನ ಗತಿಯಂತೂ ಕಷ್ಟ. ಮುಕ್ತ ಪದ್ಧತಿಯಲ್ಲಿ ಆಯ್ಕೆ ಅವನದೇ, ಆದರೆ ಕರೆಯುವವರಿಲ್ಲದಿದ್ದರೆ ಆ ಆಯ್ಕೆಗೆ ಅರ್ಥವಿಲ್ಲ.

2025ರ ಬೇಸಿಗೆ ಇದನ್ನು ಕಹಿಯಾಗಿ ತೋರಿಸಿಕೊಟ್ಟಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ನಡುವಿನ 15 ವರ್ಷಗಳ ಹಕ್ಕು ಒಪ್ಪಂದ ಆ ಡಿಸೆಂಬರ್‌ಗೆ ಮುಗಿಯುವುದರಲ್ಲಿತ್ತು. ನವೀಕರಣವಾಗದ ಕಾರಣ ಜುಲೈನಲ್ಲಿ ಹೊಸ ಋತುವನ್ನು ತಡೆಹಿಡಿಯಲಾಯಿತು. ಲೀಗ್ ಯಾವಾಗ ಎಂಬುದೇ ತಿಳಿಯದೆ, ಆಗಸ್ಟ್ ಆರಂಭದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ನಾಲ್ಕು ತಿಂಗಳ ಹಿಂದೆ ಫೈನಲ್ ಆಡಿದ್ದ ತಂಡದ ಸ್ಥಿತಿ ಇದು. 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು, ಫೆಬ್ರವರಿ 14ರಿಂದ ಲೀಗ್ ನಡೆಯಲಿದೆ ಎಂದು ಘೋಷಿಸುವವರೆಗೂ ಅನಿಶ್ಚಿತತೆ ಮುಂದುವರಿಯಿತು. ಲೀಗಿನ ದಿನಾಂಕವೇ ಗೊತ್ತಿಲ್ಲದಿದ್ದಾಗ ಕರಾರಿನ ಪಟ್ಟಿ, ವೇತನದ ಲೆಕ್ಕ, ಸ್ಥಾನಗಳ ನಕ್ಷೆ ಯಾವುದಕ್ಕೂ ಆಧಾರವಿರುವುದಿಲ್ಲ.

ಒಟ್ಟಾರೆ ಹೇಳುವುದಾದರೆ

ಬೆಂಗಳೂರಿನ ಒಂದು ದಶಕದ ಅನುಭವದಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಯಾರನ್ನು ತರಬೇಕು ಎಂಬುದಕ್ಕಿಂತ ಮುಂಚೆ ಯಾರನ್ನು ಬಿಡಬಾರದು ಎಂಬುದು ತೀರ್ಮಾನವಾಗಬೇಕು. 2017ರಲ್ಲಿ ಛೆಟ್ರಿಯನ್ನು ಉಳಿಸಿಕೊಂಡ ನಿರ್ಧಾರ 2025ರ ಫೈನಲ್‌ವರೆಗೂ ಫಲ ಕೊಟ್ಟಿತು. ಸಾಮೂಹಿಕ ಆಯ್ಕೆಯಲ್ಲಿ ಹೆಸರಿಗಿಂತ ತೆರವಾದ ಸ್ಥಾನವನ್ನು ನೋಡಬೇಕು. ಭೆಕೆ, ಖಾಬ್ರಾ ಅದಕ್ಕೆ ನಿದರ್ಶನ. ಮುಕ್ತ ಆಟಗಾರರಿಂದ ಕಂಡಿ ಮುಚ್ಚಬಹುದು, ಆದರೆ ಗೋಡೆಯನ್ನೇ ಕಟ್ಟಲು ಹೊರಟರೆ 2023-24ರಂತೆ ಕುಸಿತ ಎದುರಾಗುತ್ತದೆ. ಪ್ರತಿ ವರ್ಷ ಸ್ವಂತ ಅಕಾಡೆಮಿಯಿಂದ ಒಬ್ಬಿಬ್ಬರಾದರೂ ಮೇಲೇರಿ ಬಂದರೆ ಉಳಿದೆರಡು ಮಾರ್ಗಗಳ ಖರ್ಚು ತಾನಾಗಿ ತಗ್ಗುತ್ತದೆ.

ಆ ಒಬ್ಬಿಬ್ಬರಲ್ಲಿ ರಾಜ್ಯದ ಜಿಲ್ಲೆ, ತಾಲ್ಲೂಕುಗಳ ಹುಡುಗರೂ ಇರಬೇಕಾದರೆ ಜಿಲ್ಲಾ ಮಟ್ಟದಲ್ಲಿ ವರ್ಷಪೂರ್ತಿ ನಡೆಯುವ ವಯೋಮಿತಿ ಲೀಗ್‌ಗಳು ಬೇಕು. ರಾಜ್ಯದ ಫುಟ್‌ಬಾಲ್ ಆಡಳಿತದ ಮುಂದಿರುವ ಕೆಲಸ ಅದು.